ಟೈಲ್ಸ್ ಕೊನೆಗೆ ಕಣ್ರೋ, ಮೊದಲು ಗೋಡೆ ನೋಡಿ

(1/8)

ಮನೇಲಿ "ಬಾತ್‌ರೂಮ್ ಹೊಸದು ಮಾಡಿಸೋಣ" ಅಂದ ತಕ್ಷಣ ಏನಾಗತ್ತೆ ಹೇಳಿ? ಅಪ್ಪ ದುಡ್ಡಿನ ಲೆಕ್ಕ ಹಾಕ್ತಾರೆ. ಅಮ್ಮ "ಎಷ್ಟು ದಿನ ಆಗತ್ತಂತೆ" ಅಂತ ಕೇಳ್ತಾರೆ. ನಿಮಗೆ ಸಿಗೋ ಕೆಲಸ ಒಂದೇ: "ನೀನು ಟೈಲ್ಸ್ ಆರಿಸು." ನೀವೂ ಖುಷಿಯಾಗಿ ರೀಲ್ಸ್ ನೋಡ್ತೀರ, ಸ್ಕ್ರೀನ್‌ಶಾಟ್ ತೆಗೀತೀರ, ಅರಸೀಕೆರೆ ಅಂಗಡಿಗೆ ಹೋಗಿ ಬೂದು ಬಣ್ಣನಾ, ಮಾರ್ಬಲ್ ಡಿಸೈನಾ ಅಂತ ಅರ್ಧ ದಿನ ಕಳೀತೀರ.

ಎರಡು ವರ್ಷ ಆದ ಮೇಲೆ? ಮೂಲೆಯ ಟೈಲ್ ತಟ್ಟಿದ್ರೆ ಟೊಳ್ಳು ಸದ್ದು. ಬಚ್ಚಲಿನ ಆ ಕಡೆ ರೂಮಿನ ಗೋಡೇಲಿ ಬಣ್ಣ ಉಬ್ಬಿ ಉದುರತ್ತೆ. ನೀರು ತೂಬಿನ ಕಡೆ ಹೋಗೋದು ಬಿಟ್ಟು ಬಾಗಿಲ ಹತ್ರ ನಿಲ್ಲತ್ತೆ. ಅಜ್ಜಿ ಗೋಡೆ ಹಿಡ್ಕೊಂಡು ಹಿಡ್ಕೊಂಡು ಕಾಲಿಡ್ತಾರೆ. ಆಗ ಎಲ್ಲರೂ ಬೈಯೋದು ಟೈಲ್ಸ್ ಕಂಪನಿನ, ಇಲ್ಲ ಅಂದ್ರೆ ಮೇಸ್ತ್ರಿನ.

ನನ್ನ ಮಾತು ಇಷ್ಟೇ: ತಪ್ಪು ಟೈಲ್ಸ್‌ದಲ್ಲ, ಅದರ ಕೆಳಗಿಂದು. ನಮ್ಮ ಹಾರನಹಳ್ಳಿ ಥರದ ಊರಿನ ಹಳೇ ಮನೇಲಿ ಬಚ್ಚಲು ರಿಪೇರಿ ಅಂದ್ರೆ ಮುಕ್ಕಾಲು ಪಾಲು ಕೆಲಸ ಕಣ್ಣಿಗೆ ಕಾಣದ ಕೆಲಸ. ದುಡ್ಡು ಕಮ್ಮಿ ಇದ್ರೆ ಟೈಲ್ಸ್ ಬಿಡಿ, ಕೆಳಗಿನ ಕೆಲಸ ಬಿಡಬೇಡಿ. ಕೆಳಗಿನ ಕೆಲಸ ಸರಿ ಇರೋ ಬಚ್ಚಲು ಬರೀ ಸಿಮೆಂಟ್ ನೆಲದಲ್ಲೂ ಇಪ್ಪತ್ತು ವರ್ಷ ನಡೆಯತ್ತೆ. ಕೆಳಗಿನ ಕೆಲಸ ಇಲ್ಲದ ಬಚ್ಚಲಿಗೆ ಎಂಥ ಟೈಲ್ಸ್ ಹಾಕಿದ್ರೂ ಅದು ಗಾಯದ ಮೇಲೆ ಹಾಕಿದ ಹೊಸ ಅಂಗಿ.

ಎಂಟು ಭಾಗ ಇದೆ. ಸೇವ್ ಮಾಡಿಟ್ಕೊಳ್ಳಿ. ಇವತ್ತಲ್ಲ ನಾಳೆ ನಿಮ್ಮ ಮನೇಲೂ ಈ ಮಾತು ಬರತ್ತೆ.

(2/8) ಹಳಬರು ದಡ್ಡರಲ್ಲ

ನಮ್ಮ ಕಡೆ ಹಳೇ ಮನೆಗಳ ಬಚ್ಚಲು ಎಲ್ಲಿರ್ತಿತ್ತು? ಹಿಂದೆ, ಹಿತ್ತಲ ಕಡೆ. ಒಂದು ಮೂಲೇಲಿ ಹಂಡೆ, ಕೆಳಗೆ ಒಲೆ. ನೆಲಕ್ಕೆ ಕಲ್ಲು ಚಪ್ಪಡಿ. ಗೋಡೆ ಬುಡದಲ್ಲಿ ಒಂದು ತೂಬು. ಸ್ನಾನದ ನೀರು ಅಲ್ಲಿಂದ ನೇರ ಬಾಳೆ ಬುಡಕ್ಕೋ ತೆಂಗಿನ ಬುಡಕ್ಕೋ ಹೋಗ್ತಿತ್ತು.

ಇದರಲ್ಲಿ ಮೂರು ವಿಷಯ ಗಮನಿಸಿ. ಒಂದು, ನೀರು ಮಲಗೋ ಕೋಣೆ ಗೋಡೆಯಿಂದ ದೂರ ಇತ್ತು. ಎರಡು, ದಿನಾ ಒಲೆ ಉರಿಯೋದ್ರಿಂದ ಗೋಡೆ ದಿನಾ ಒಣಗ್ತಿತ್ತು. ಮೂರು, ಸ್ನಾನ ಚೊಂಬಿನಲ್ಲಿ. ನೀರು ನೆಲಕ್ಕೆ ಬೀಳ್ತಿತ್ತು, ಗೋಡೆ ಮೇಲಿನ ತನಕ ಹಾರ್ತಿರ್ಲಿಲ್ಲ.

ಈಗ ನಾವು ಮಾಡಿದ್ದೇನು? "ಅಟ್ಯಾಚ್ಡ್ ಬೇಕು" ಅಂತ ರೂಮಿನ ಒಂದು ಮೂಲೆ ಮುರಿದು ಬಚ್ಚಲನ್ನ ಮನೆ ಒಳಗೆ ತಂದ್ವಿ. ಒಲೆ ಹೋಯ್ತು, ಗೀಸರ್ ಬಂತು. ಚೊಂಬು ಹೋಯ್ತು, ಶವರ್ ಬಂತು. ನೀರು ತಲೆ ಎತ್ತರದಿಂದ ಗೋಡೆಗೆ ಹೊಡೆಯತ್ತೆ. ಆದ್ರೆ ಗೋಡೆ ಮಾತ್ರ ಅದೇ ಮಣ್ಣಿನ ಗೋಡೆ, ಅದೇ ಕಲ್ಲು-ಮಣ್ಣಿನ ಗೋಡೆ. ಅದು ಈ ಕೆಲಸಕ್ಕೆ ಹುಟ್ಟಿದ್ದೇ ಅಲ್ಲ.

ಅದಕ್ಕೆ ಶವರ್ ಬೇಡ, ಹಂಡೆಗೆ ವಾಪಸ್ ಹೋಗೋಣ ಅಂತ ನಾನು ಹೇಳ್ತಿಲ್ಲ. ವಯಸ್ಸಾದವರು ರಾತ್ರಿ ಹೊತ್ತು ಹಿತ್ತಲಿಗೆ ಹೋಗೋದು ಕಷ್ಟ, ಹೆಣ್ಮಕ್ಕಳಿಗೆ ಇನ್ನೂ ಕಷ್ಟ. ಬಚ್ಚಲು ಒಳಗೆ ಬರಲಿ. ಆದ್ರೆ ಒಳಗೆ ತಂದ ಮೇಲೆ ಒಲೆ ಮಾಡ್ತಿದ್ದ ಕೆಲಸ, ಚಪ್ಪಡಿ ಮಾಡ್ತಿದ್ದ ಕೆಲಸ, ತೂಬು ಮಾಡ್ತಿದ್ದ ಕೆಲಸ ಈಗ ಯಾರು ಮಾಡ್ತಾರೆ ಅಂತ ಕೇಳ್ಬೇಕು ತಾನೆ? ಆ ಪ್ರಶ್ನೆಗೆ ಉತ್ತರ ಕೊಡೋದನ್ನೇ ನಾನು "ಕೆಳಗಿನ ಕೆಲಸ" ಅಂತಿರೋದು.

(3/8) ಒಡೆಯೋ ಮುಂಚೆ ನೀವೇ ಮಾಡಬಹುದಾದ ಪರೀಕ್ಷೆ

ಇದಕ್ಕೆ ಇಂಜಿನಿಯರ್ ಬೇಕಾಗಿಲ್ಲ. ಒಂದು ಶನಿವಾರ, ಭಾನುವಾರ ಸಾಕು.

ತಟ್ಟಿ ನೋಡಿ. ಒಂದು ರೂಪಾಯಿ ನಾಣ್ಯ ಅಥವಾ ಸುತ್ತಿಗೆಯ ಮರದ ಹಿಡಿ ತಗೊಳ್ಳಿ. ಗೋಡೆ, ನೆಲ ಪೂರ್ತಿ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದ್ರೆ ಸರಿ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕೊನೆಗೆ ಫೋಟೋ ತೆಗೆಯಿರಿ. ಆ ಫೋಟೋ ಮೇಸ್ತ್ರಿ ಜೊತೆ ಮಾತಾಡೋಕೆ ನಿಮ್ಮ ದಾಖಲೆ.

ಪ್ಲಾಸ್ಟಿಕ್ ಅಂಟಿಸಿ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆನ ಗೋಡೆಗೆ ಅಂಟಿಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ. ಒಂದು ದಿನ ಬಿಡಿ, ಅಷ್ಟು ಹೊತ್ತು ಅಲ್ಲಿ ಸ್ನಾನ ಬೇಡ. ಹಾಳೆಯ ಒಳಗಡೆ ಹನಿ ಕೂತಿದ್ರೆ ತೇವ ಗೋಡೆಯಿಂದಲೇ ಬರ್ತಿದೆ. ಹೊರಗಡೆ ಕೂತಿದ್ರೆ ಅದು ಗಾಳಿಯ ತೇವ, ಅಂದ್ರೆ ಕಿಟಕಿ ಸಾಲದು.

ಬುಡ ನೋಡಿ. ಗೋಡೆ ಬುಡದಲ್ಲಿ ಬಿಳಿ ಪುಡಿ ಇದ್ರೆ ಅದು ಉಪ್ಪು. ನೀರು ಗೋಡೆ ಒಳಗಿಂದ ಬಂದು, ಒಣಗಿ, ಉಪ್ಪು ಬಿಟ್ಟು ಹೋಗಿದೆ ಅಂತ ಅರ್ಥ. ಅದರ ಮೇಲೆ ಬಣ್ಣ ಹೊಡೆದ್ರೂ, ಟೈಲ್ ಹಾಕಿದ್ರೂ ಉಪ್ಪು ತಳ್ಳುತ್ತೆ.

ನಲ್ಲಿ ಎಲ್ಲಾ ನಿಲ್ಲಿಸಿ. ರಾತ್ರಿ ಟ್ಯಾಂಕ್ ತುಂಬಿಸಿ, ಮಟ್ಟ ಗುರುತು ಮಾಡಿ, ಯಾರೂ ನೀರು ಬಳಸದ ಹಾಗೆ ನೋಡ್ಕೊಳ್ಳಿ. ಬೆಳಿಗ್ಗೆ ಮಟ್ಟ ಇಳಿದಿದ್ರೆ ಎಲ್ಲೋ ಪೈಪ್ ಸೋರ್ತಿದೆ. ಹಳೇ ಕಬ್ಬಿಣದ ಪೈಪ್ ಗೋಡೆ ಒಳಗೇ ತುಕ್ಕು ಹಿಡಿದಿರತ್ತೆ.

ಒಂದು ಬಕೆಟ್ ನೀರು ಸುರೀರಿ. ಎಲ್ಲಿ ನಿಲ್ಲತ್ತೆ, ಎಷ್ಟು ಹೊತ್ತು ನಿಲ್ಲತ್ತೆ, ವಿಡಿಯೋ ಮಾಡಿ.

ಇಷ್ಟು ಮಾಡಿದ್ರೆ ಅಂಗಡಿಗೆ ಹೋಗೋ ಮುಂಚೆನೇ ನಿಮ್ಮ ಬಚ್ಚಲಿನ ರೋಗ ಗೊತ್ತಾಗಿರತ್ತೆ. ರೋಗ ಗೊತ್ತಿಲ್ದೆ ಔಷಧಿ ಬಣ್ಣ ಆರಿಸ್ತಾರಾ ಯಾರಾದ್ರೂ?

(4/8) ಒಡೆಯೋ ದಿನ ಹುಷಾರು

ಈ ಭಾಗ ಬೋರಿಂಗ್ ಅಂತ ಸ್ಕ್ರೋಲ್ ಮಾಡಬೇಡಿ. ಜೀವದ ಪ್ರಶ್ನೆ ಇರೋದು ಇಲ್ಲೇ.

ಕರೆಂಟ್: ಗೀಸರ್ ಲೈನ್ ಸ್ವಿಚ್ಚಲ್ಲಿ ಆಫ್ ಮಾಡಿದ್ರೆ ಸಾಲದು, ಬೋರ್ಡಲ್ಲೇ ಆಫ್ ಮಾಡಿ. ಹಳೇ ಮನೇಲಿ ವೈರ್ ಎಲ್ಲಿ ಹೋಗಿದೆ ಅಂತ ಕಟ್ಟಿದವರಿಗೂ ನೆನಪಿರಲ್ಲ. ಹೇಗೂ ಗೋಡೆ ಒಡೀತಿದ್ದೀರಲ್ಲ, ಅರ್ಥಿಂಗ್ ಸರಿ ಇದೆಯಾ ನೋಡಿಸಿ, ಬಚ್ಚಲ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಲೀಕ್ ಆದ್ರೆ ಕ್ಷಣದಲ್ಲಿ ಲೈನ್ ಕಟ್ ಮಾಡತ್ತೆ. ಟೈಲ್ಸ್ ಬಜೆಟ್ಟಲ್ಲಿ ಒಂದು ಸಾಲು ಕಮ್ಮಿ ಮಾಡಿ ಇದನ್ನ ಹಾಕಿಸಿ ಅನ್ನೋದು ನನ್ನ ಬೇಡಿಕೆ.

ಶೀಟು: ಹಿತ್ತಲ ಬಚ್ಚಲುಗಳ ಮೇಲೆ ಇರೋ ಹಳೇ ಸಿಮೆಂಟ್ ಶೀಟಲ್ಲಿ ಸಾಮಾನ್ಯವಾಗಿ ಆಸ್‌ಬೆಸ್ಟಾಸ್ ಇರತ್ತೆ. ಅದರ ನಾರು ಶ್ವಾಸಕೋಶಕ್ಕೆ ಹೋದ್ರೆ ಎಷ್ಟೋ ವರ್ಷ ಆದ ಮೇಲೆ ಕ್ಯಾನ್ಸರ್ ಬರಬಹುದು. ಸುತ್ತಿಗೆಯಲ್ಲಿ ಪುಡಿ ಮಾಡಬೇಡಿ, ಒಣಗಿದ್ದನ್ನ ಕಟ್ ಮಾಡಬೇಡಿ. ನೀರು ಹಾಕಿ ನೆನೆಸಿ, ಬೋಲ್ಟ್ ಬಿಚ್ಚಿ, ಶೀಟ್ ಇಡಿಯಾಗಿ ಇಳಿಸಿ.

ಧೂಳು: ಟೈಲ್, ಕಲ್ಲು, ಸಿಮೆಂಟ್ ಧೂಳಲ್ಲಿ ಸಿಲಿಕಾ ಇರತ್ತೆ. ಬಾಯಿಗೆ ಟವಲ್ ಕಟ್ಟಿದ್ರೆ ಅದು ತಡೆಯಲ್ಲ. ಕೆಲಸದವರಿಗೆ ಎನ್-95 ಮಾಸ್ಕ್, ಕನ್ನಡಕ ನೀವೇ ತಂದುಕೊಡಿ. ಕಟ್ಟರ್ ಓಡಿಸುವಾಗ ನೀರು ಹಾಯಿಸೋಕೆ ಹೇಳಿ. ಹಳೇ ಪೇಂಟ್ ಒಣಗಿದ್ದನ್ನ ಉಜ್ಜಬೇಡಿ, ಅದರಲ್ಲಿ ಸೀಸ ಇರಬಹುದು. ಮನೆ ಪೇಂಟಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದಿದ್ದೇ 2017ರಲ್ಲಿ.

ಗುಂಡಿ: ಪೈಪ್ ಕಟ್ಟಿದೆ ಅಂತ ಯಾರನ್ನೂ ಶೌಚದ ಗುಂಡಿ ಒಳಗೆ ಇಳಿಸಬೇಡಿ. ಒಳಗಿನ ಗ್ಯಾಸ್‌ಗೆ ಜನ ಸತ್ತಿದ್ದಾರೆ, ಸಾಯ್ತಾನೇ ಇದ್ದಾರೆ. 2013ರ ಕಾನೂನು ಪ್ರಕಾರ ಹಾಗೆ ಇಳಿಸೋದು ಅಪರಾಧ. "ಅವರೇ ಒಪ್ಕೊಂಡ್ರು" ಅನ್ನೋದು ನೆಪ ಅಷ್ಟೇ. ಸಕ್ಕಿಂಗ್ ಗಾಡಿ ಕರೆಸಿ.

(5/8) ಗೋಡೆ

ಮೊದಲು ಒಂದು ಮೂಲೇಲಿ ಗಾರೆ ಕೆರೆದು ನೋಡಿ, ಒಳಗೆ ಏನಿದೆ ಅಂತ.

ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್ ಇದ್ರೆ ನೀವು ಅದೃಷ್ಟವಂತರು. ಟೊಳ್ಳಾದ ಹಳೇ ಗಾರೆ ಪೂರ್ತಿ ಕೀಳಿಸಿ. "ಗಟ್ಟಿ ಇರೋ ಕಡೆ ಹಾಗೇ ಬಿಡೋಣ" ಅಂದ್ರೆ, ಅದರ ಮೇಲಿನ ಎಣ್ಣೆ ಪೇಂಟ್, ಸೋಪಿನ ಜಿಡ್ಡು ತೆಗೆದು ಉಳಿಯಲ್ಲಿ ಕಚ್ಚು ಹಾಕಿಸಿ. ನುಣುಪು ಗೋಡೆ ಏನನ್ನೂ ಹಿಡ್ಕೊಳ್ಳಲ್ಲ. ಇಟ್ಟಿಗೆ ಮಧ್ಯದ ಸಂದು ಕೆರೆದು, ಧೂಳು ತೊಳೆದು, ಗೋಡೆ ನೆನೆಸಿ ಆಮೇಲೆ ಹೊಸ ಗಾರೆ. ಎರಡು ಬೇರೆ ಬೇರೆ ವಸ್ತು ಸೇರೋ ಕಡೆ, ಪೈಪಿಗೆ ಅಂತ ಗಾಡಿ ಹೊಡೆದ ಕಡೆ ಚಿಕನ್ ಮೆಶ್ ಹಾಕಿಸಿ, ಇಲ್ಲಾಂದ್ರೆ ಅಲ್ಲೇ ಬಿರುಕು ಬರೋದು. ಗಾರೆ ದಪ್ಪ ಜಾಸ್ತಿ ಬೇಕಾದ್ರೆ ಎರಡು ಸಲ ಹಾಕ್ಬೇಕು, ಒಂದೇ ಸಲ ಮೆತ್ತಿದ್ರೆ ಜಾರತ್ತೆ. ತೂಗುಗುಂಡು ಬಿಟ್ಟು ನೋಡಿಸಿ. ಗೋಡೆ ವಾಲಿದ್ದನ್ನ ಟೈಲ್ಸ್ ಅಂಟಿನಲ್ಲಿ ಸರಿ ಮಾಡೋಕಾಗಲ್ಲ.

ಮಣ್ಣಿನ ಗೋಡೆ ಇದ್ರೆ ಮಾತೇ ಬೇರೆ. ಮಣ್ಣು ತೇವ ಹೀರತ್ತೆ, ಬಿಡತ್ತೆ, ಉಸಿರಾಡತ್ತೆ. ಅದರ ಮೇಲೆ ಸಿಮೆಂಟ್ ಮೆತ್ತಿ ಟೈಲ್ಸ್ ಹಾಕಿದ್ರೆ ಹೋದ ತೇವ ವಾಪಸ್ ಬರೋಕೆ ದಾರಿ ಇಲ್ಲ. ಸಿಮೆಂಟಿಗೂ ಮಣ್ಣಿಗೂ ಹೊಂದಾಣಿಕೆನೂ ಇಲ್ಲ. ಹೊರಗಡೆ ಲಕಲಕ ಅಂತಿರತ್ತೆ, ಒಳಗೆ ಮಣ್ಣು ಮೆತ್ತಗಾಗ್ತಿರತ್ತೆ. ಆ ಗೋಡೆ ಮೇಲೆ ತೊಲೆ ಕೂತಿದ್ರೆ? ಅಪಾಯ ಟೈಲ್ಸಿಗಲ್ಲ, ಮನೆಗೆ.

ನನ್ನ ಅಭಿಪ್ರಾಯ ಖಡಾಖಂಡಿತ: ಮಣ್ಣಿನ ಗೋಡೆಗೆ ನೇರವಾಗಿ ಟೈಲ್ಸ್ ಬೇಡವೇ ಬೇಡ. ಜಾಗ ಇದ್ರೆ ಒಳಗಡೆ ಪ್ರತ್ಯೇಕ ತಳಪಾಯದ ಮೇಲೆ ನಾಲ್ಕಿಂಚು ಬ್ಲಾಕ್ ಗೋಡೆ ಎಬ್ಬಿಸಿ, ಹಳೇ ಗೋಡೆಗೂ ಅದಕ್ಕೂ ಮಧ್ಯೆ ಸಂದು ಬಿಡಿ. ಜಾಗ ಇಲ್ಲ ಅಂದ್ರೆ ಮನೆಗೆ ಅಂಟಿದ ಹಾಗೆ ಹೊರಗಡೆ ಹೊಸದು ಕಟ್ಟಿ, ಒಳಗಿಂದ ಬಾಗಿಲು ಕೊಡಿ. ತೊಲೆ ಹೊತ್ತ ಗೋಡೇಲಿ ಬಾಗಿಲು ಒಡೆಯೋ ಮುಂಚೆ ಮಾತ್ರ ಇಂಜಿನಿಯರ್‌ನ ಕೇಳಿ.

ಗೋಡೆ ತೆರೆದಿರುವಾಗಲೇ ಇನ್ನೊಂದು ಕೆಲಸ: ಅಜ್ಜಿ, ತಾತ ಹಿಡ್ಕೊಳ್ಳೋ ಸ್ಟೀಲ್ ಹಿಡಿ ಎಲ್ಲಿ ಬರತ್ತೆ, ಗೀಸರ್ ಎಲ್ಲಿ ಬರತ್ತೆ ಗುರುತು ಮಾಡಿ, ಅಲ್ಲಿ ಗಟ್ಟಿ ಕಾಂಕ್ರೀಟ್ ತುಂಬಿಸಿ. 15 ಲೀಟರ್ ಗೀಸರ್‌ನ ನೀರೇ 15 ಕೆಜಿ, ಜೊತೆಗೆ ಅದರ ಮೈ ತೂಕ. ಸಡಿಲ ಗೋಡೇಲಿ ಸ್ಕ್ರೂ ನಿಲ್ಲಲ್ಲ.

(6/8) ನೆಲ

ನೆಲದ ಕೆಲಸ ಶುರು ಆಗೋದು ತೂಬಿನಿಂದ, ಬಾಗಿಲಿನಿಂದ ಅಲ್ಲ. ನೀರು ಹೋಗೋ ಪೈಪ್ ಎಷ್ಟು ಕೆಳಗಿದೆ ಅಂತ ನೋಡಿ, ಅದರ ಮೇಲೆ ಇಳಿಜಾರು ಲೆಕ್ಕ ಹಾಕ್ಬೇಕು. ಆರು ಅಡಿ ಉದ್ದಕ್ಕೆ ಸುಮಾರು ಒಂದು ಇಂಚು ಇಳಿಜಾರು ಇದ್ರೆ ನೀರು ತಾನೇ ಹೋಗತ್ತೆ, ನಡೆಯೋವ್ರಿಗೂ ಗೊತ್ತಾಗಲ್ಲ. ಇಳಿಜಾರು ಟೈಲ್ಸ್ ಹಾಕುವಾಗ ಕೊಡೋದಲ್ಲ, ಕೆಳಗಿನ ಕಾಂಕ್ರೀಟಿಗೇ ಕೊಡಬೇಕು. ರಸಮಟ್ಟ ಇಟ್ಟು ನೀವೇ ನೋಡಿ.

ಹಳೇ ಟೈಲ್ಸ್ ಮೇಲೇ ಹೊಸ ಟೈಲ್ಸ್? ರೀಲ್ಸಲ್ಲಿ ಚೆನ್ನಾಗಿ ಕಾಣತ್ತೆ, ಒಪ್ಕೋತೀನಿ. ಹಳೇದು ಒಂದೂ ಟೊಳ್ಳಿಲ್ಲ, ತೇವ ಇಲ್ಲ, ಇಳಿಜಾರು ಸರಿ ಇದೆ, ಬಾಗಿಲು ತಗಲಲ್ಲ ಅಂದ್ರೆ ಮಾಡಬಹುದು. ಇಷ್ಟೆಲ್ಲಾ ಸರಿ ಇರೋ ಹಳೇ ಬಚ್ಚಲು ಎಷ್ಟಿದೆ ಹೇಳಿ? ಮೇಲೆ ಮೇಲೆ ಹಾಕ್ತಾ ಹೋದ್ರೆ ಬಚ್ಚಲ ನೆಲ ರೂಮಿಗಿಂತ ಎತ್ತರ ಆಗಿ ನೀರು ರೂಮಿಗೆ ಬರತ್ತೆ. ಅದನ್ನ ತಡೆಯೋಕೆ ಹೊಸ್ತಿಲು ಎತ್ತರ ಮಾಡ್ತಾರೆ, ಆ ಹೊಸ್ತಿಲಿಗೇ ವಯಸ್ಸಾದವರು ಎಡವೋದು.

ವಾಟರ್‌ಪ್ರೂಫಿಂಗ್ ವಿಷಯ. ನೆಲ, ಗೋಡೆ ಸೇರೋ ಮೂಲೆ ಚೂಪಾಗಿರಬಾರದು, ಗಾರೆಯಲ್ಲಿ ದುಂಡಗೆ ಮಾಡಿಸಿ. ಪೈಪ್ ಹೊರಗೆ ಬರೋ ತೂತುಗಳನ್ನ ಮುಚ್ಚಿಸಿ. ಆಮೇಲೆ ಎರಡು ಕೋಟ್, ಮೊದಲನೇದು ಉದ್ದಕ್ಕೆ, ಒಣಗಿದ ಮೇಲೆ ಎರಡನೇದು ಅಡ್ಡಕ್ಕೆ. ಗೋಡೆ ಮೇಲೂ ಕನಿಷ್ಠ ಒಂದು ಅಡಿ, ಶವರ್ ಕಡೆ ತಲೆ ಎತ್ತರದ ತನಕ. ಡಬ್ಬದ ಮೇಲೆ ಬರೆದ ಅಳತೆಯಷ್ಟೇ ಬೆರೆಸಲಿ, "ಸ್ವಲ್ಪ ನೀರು ಹಾಕಿದ್ರೆ ಜಾಸ್ತಿ ಬರತ್ತೆ" ಅನ್ನೋ ಉಳಿತಾಯ ಬೇಡ.

ಕೊನೆಗೆ ಪರೀಕ್ಷೆ. ತೂಬು ಮುಚ್ಚಿ, ಎರಡಿಂಚು ನೀರು ನಿಲ್ಲಿಸಿ, ಎರಡು ದಿನ ಬಿಡಿ. ಮಟ್ಟ ಗುರುತು ಮಾಡಿ. ಪಕ್ಕದ ರೂಮಿನ ಗೋಡೆ ಬುಡ ಮುಟ್ಟಿ ನೋಡಿ. ಈ ಪರೀಕ್ಷೆ ಪಾಸಾಗದೆ ಒಂದು ಟೈಲ್ ಕೂಡ ಮನೆ ಒಳಗೆ ಬರೋಹಾಗಿಲ್ಲ ಅಂತ ನೀವೇ ಹಠ ಹಿಡೀರಿ. ನೆಲಕ್ಕೆ ಟೈಲ್ಸ್ ಆರಿಸುವಾಗ ಹೊಳಪು ಬೇಡ, ಜಾರದ ಒರಟು ಟೈಲ್ಸ್. ಬೋರ್ ನೀರಿನ ಬಿಳಿ ಕಲೆಗೆ ಆಸಿಡ್ ಸುರಿಯೋ ಅಭ್ಯಾಸನೂ ಬಿಡಿ, ಅದು ಟೈಲ್ಸ್ ಸಂದಿನ ಸಿಮೆಂಟ್ ತಿನ್ನತ್ತೆ.

(7/8) ದಿನ, ದುಡ್ಡು, ಮೇಸ್ತ್ರಿ

"ಇದೆಲ್ಲಾ ಕೇಳೋಕೆ ಚೆನ್ನಾಗಿದೆ. ಮನೇಲಿ ಇರೋದೊಂದೇ ಬಚ್ಚಲು, ಮೂರು ವಾರ ಎಲ್ಲಿ ಸ್ನಾನ ಮಾಡೋದು?" ಅಂತ ಕೇಳ್ತೀರ. ನ್ಯಾಯವಾದ ಪ್ರಶ್ನೆ. ನಿಜ ಹೇಳ್ಬೇಕಂದ್ರೆ ಕೆಲಸ ಕೆಡೋದೇ ಈ ಪ್ರಶ್ನೆಗೆ ಮೊದಲೇ ಉತ್ತರ ಹುಡುಕದೆ ಇರೋದ್ರಿಂದ.

ನಮ್ಮಲ್ಲಿ ಬಚ್ಚಲು ರಿಪೇರಿ ಶುರು ಆಗೋದು ಯಾವಾಗ? ಮದುವೆಗೆ ಹದಿನೈದು ದಿನ ಇದ್ದಾಗ. ಹಬ್ಬಕ್ಕೆ ನೆಂಟರು ಬರ್ತಾರೆ ಅಂದಾಗ. ಹೊಸ ಗಾರೆಗೆ ಕನಿಷ್ಠ ಏಳು ದಿನ ನೀರುಣಿಸಬೇಕು, ಆಮೇಲೆ ಒಣಗಬೇಕು, ಆಮೇಲೆ ಕೋಟು, ಆಮೇಲೆ ಪರೀಕ್ಷೆ. ತಾರೀಖು ಹತ್ರ ಬಂದಾಗ ಇವೆಲ್ಲಾ ಹಾರಿಹೋಗತ್ತೆ, ಹಸಿ ಗೋಡೆ ಮೇಲೆ ಟೈಲ್ಸ್ ಕೂರತ್ತೆ. ಆಮೇಲೆ "ಮೇಸ್ತ್ರಿ ಕೆಲಸ ಸರಿ ಮಾಡ್ಲಿಲ್ಲ" ಅಂತೀವಿ. ಅವಸರ ಮಾಡಿದ್ದು ಯಾರು?

ಅದಕ್ಕೆ ಮೂರು ಮಾತು.

ಒಂದು, ಹಿತ್ತಲಲ್ಲಿ ನಾಲ್ಕು ಕಂಬ ನೆಟ್ಟು, ತೆಂಗಿನ ಗರಿಯದ್ದೋ ಶೀಟಿನದ್ದೋ ಮರೆ ಕಟ್ಟಿ, ಕೆಳಗೆ ಚಪ್ಪಡಿ ಹಾಕಿ. ಒಂದು ತಿಂಗಳಿಗೆ ಅದು ಸಾಕು. ತೆಂಗಿನ ಸೀಮೆಯವರು ನಾವು, ಗರಿಗೇನು ಬರ? ಶೌಚಕ್ಕೆ ಮಾತ್ರ ಅಕ್ಕಪಕ್ಕದವರ ಹತ್ರ ಮೊದಲೇ ಮಾತಾಡ್ಕೊಳ್ಳಿ. ಮನೆ ಹೆಂಗಸರನ್ನ ಕೇಳದೆ ತಾರೀಖು ಫಿಕ್ಸ್ ಮಾಡಬೇಡಿ, ಆ ತಿಂಗಳ ಕಷ್ಟ ಬೀಳೋದು ಜಾಸ್ತಿ ಅವರ ಮೇಲೇ.

ಎರಡು, ಮೇಸ್ತ್ರಿಗೆ ಚದರ ಅಡಿ ಲೆಕ್ಕದಲ್ಲಿ ಬರೀ ಟೈಲ್ಸಿಗೆ ದುಡ್ಡು ಮಾತಾಡಿದ್ರೆ ಅವರು ಟೈಲ್ಸ್ ಬೇಗ ಮುಗಿಸೋಕೇ ನೋಡ್ತಾರೆ. ಅದು ಅವರ ತಪ್ಪಲ್ಲ, ನಾವು ಮಾಡಿದ ಒಪ್ಪಂದದ ತಪ್ಪು. ಒಡೆಯೋದು, ಗಾರೆ, ಇಳಿಜಾರು, ಕೋಟು, ನೀರಿನ ಪರೀಕ್ಷೆ, ಪ್ರತಿಯೊಂದಕ್ಕೂ ಬೇರೆ ಬೇರೆ ದುಡ್ಡು ಮಾತಾಡಿ. ಕಾಯೋ ದಿನಗಳಲ್ಲಿ ಅವರು ಬೇರೆ ಕಡೆ ಕೆಲಸ ಹಿಡ್ಕೊಳ್ಳೋ ಹಾಗೆ ದಿನಾಂಕ ಮೊದಲೇ ಹೇಳಿ. ಅವರ ದಿನಗೂಲಿನೂ ಉಳಿಯತ್ತೆ, ನಿಮ್ಮ ಗೋಡೆನೂ ಉಳಿಯತ್ತೆ.

ಮೂರು, ದುಡ್ಡು ಸಾಲದಿದ್ರೆ ಸಾಲ ಮಾಡಿ ಎಲ್ಲಾ ಒಟ್ಟಿಗೆ ಮುಗಿಸಬೇಡಿ. ಈ ವರ್ಷ ಪೈಪ್, ಗೋಡೆ, ಇಳಿಜಾರು, ಕೋಟು ಮಾಡ್ಸಿ, ಅದರ ಮೇಲೆ ಕಾಪಾಡೋಕೆ ಸಿಮೆಂಟ್ ಗಾರೆ ಎಳೆದು, ನೆಲಕ್ಕೆ ಒರಟಾಗಿ ಫಿನಿಷ್ ಕೊಡ್ಸಿ. ಮುಂದಿನ ಕೊಬ್ಬರಿ ದುಡ್ಡು ಬಂದಾಗ ಟೈಲ್ಸ್. ನೆಂಟರು "ಇನ್ನೂ ಟೈಲ್ಸ್ ಹಾಕ್ಸಿಲ್ವಾ" ಅಂತಾರೆ. ಅನ್ನಲಿ ಬಿಡಿ.

(8/8) ಊರಿನ ಮಾತು

ನಮ್ಮೂರಲ್ಲಿ ಇನ್ನೊಂದು ವಿಷಯ ಇದೆ. ಲಕ್ಷ್ಮೀನರಸಿಂಹ ದೇವಸ್ಥಾನ, ಸೋಮೇಶ್ವರ ದೇವಸ್ಥಾನ ಎರಡೂ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ಇಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಇರೋ ಮನೆಯ ದುರಸ್ತಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಬೇಲೂರು, ಹಳೇಬೀಡಲ್ಲೂ ದೇವಸ್ಥಾನದ ಪಕ್ಕದ ಮನೆಯವರಿಗೆ ಇದೇ ನಿಯಮ. ನಿಮ್ಮ ಮನೆ ಆ ಅಳತೆ ಒಳಗಿದ್ರೆ ಹೊರಗೆ ಹೊಸ ಗೋಡೆ ಎಬ್ಬಿಸೋ ಮುಂಚೆ ಪಂಚಾಯಿತಿಯಲ್ಲಿ ವಿಚಾರಿಸಿ, ಅರ್ಜಿ ಹಾಕಿ. ಅರ್ಧ ಕಟ್ಟಿದ ಮೇಲೆ ನೋಟಿಸ್ ಬಂದ್ರೆ ಹೋಗೋದು ನಿಮ್ಮದೇ ದುಡ್ಡು.

ಒಡೆದ ಕಲ್ಲು, ಟೈಲ್ಸ್ ಚೂರನ್ನ ಕೆರೆಗೋ ಚರಂಡಿಗೋ ಸುರಿಯಬೇಡಿ. ಇಟ್ಟಿಗೆ ಚೂರು ನಿಮ್ಮದೇ ನೆಲದ ಕೆಳಗೆ ತುಂಬೋಕೆ ಆಗತ್ತೆ. ಕಲ್ಲು ಚಪ್ಪಡಿ ಅಂತೂ ಎಸೀಲೇಬೇಡಿ, ಹಿತ್ತಲಲ್ಲಿ ಪಾತ್ರೆ, ಬಟ್ಟೆ ತೊಳೆಯೋಕೆ ಅದಕ್ಕಿಂತ ಒಳ್ಳೇದು ಸಿಗಲ್ಲ.

ಲಕ್ಷ್ಮೀನರಸಿಂಹ ದೇವಸ್ಥಾನದ ಎದುರು ನೀವೆಲ್ಲಾ ಫೋಟೋ ತೆಗೆಸ್ಕೊಂಡಿದ್ದೀರ. 1235ರ ಸುಮಾರಿಗೆ ಕಟ್ಟಿದ್ದು. ಫೋಟೋದಲ್ಲಿ ಬರೋದು ಗೋಡೆಯ ಶಿಲ್ಪ. ಅದೆಲ್ಲಾ ನಿಂತಿರೋ ಜಗತಿನ ಯಾರೂ ಝೂಮ್ ಮಾಡಲ್ಲ. ಮುಂದಿನ ಸಲ ಹೋದಾಗ ಬುಡನೂ ಒಂದ್ಸಲ ನೋಡಿ ಬನ್ನಿ.

ಈಗ ನಿಮ್ಮ ಕೆಲಸ. ಮನೇಲಿ ಟೈಲ್ಸ್ ಆರಿಸು ಅಂದ್ರೆ "ಆರಿಸ್ತೀನಿ, ಮೊದಲು ಎರಡು ದಿನ ನೀರು ನಿಲ್ಲಿಸಿ ನೋಡೋಣ" ಅನ್ನಿ. ದೊಡ್ಡವರು ನಗ್ತಾರೆ, ನಗಲಿ. ನಾಣ್ಯ ತಗೊಂಡು ಗೋಡೆ ತಟ್ಟೋಕೆ ಯಾರ ಅನುಮತಿನೂ ಬೇಡ. ಇವತ್ತು ಸಂಜೆನೇ ತಟ್ಟಿ, ಎಷ್ಟು ಕಡೆ ಟೊಳ್ಳು ಸದ್ದು ಬಂತು ಅಂತ ಕಮೆಂಟಲ್ಲಿ ಹಾಕಿ. ಮನೇಲಿ ಕೆಲಸ ಶುರು ಮಾಡಬೇಕು ಅಂತಿರೋ ಫ್ರೆಂಡ್‌ಗೆ ಈಗ್ಲೇ ಕಳಿಸಿ, ಟೈಲ್ಸ್ ಅಂಗಡಿಗೆ ಹೋಗೋ ಮುಂಚೆ.

#ಹಾರನಹಳ್ಳಿ #ಅರಸೀಕೆರೆ #ಹಳೇಮನೆ #ಬಚ್ಚಲುಮನೆ #ಟೈಲ್ಸ್‌ಕೊನೆಗೆ #ಕನ್ನಡದಲ್ಲೇ